ಖಾಸಗಿ ಕಾಡೂ ಅದರ ಮಗ್ಗುಲಿನ ತಂಗುಮನೆಯೂ

ಹರಿಹರ ತಾಲ್ಲೂಕಿನ ಕೊಂಡಜ್ಜಿಯ ಕೆರೆಯನ್ನೂ ಅದರ ಬಳಿಯ ಕಾಡುಗುಡ್ಡಗಳನ್ನೂ ಈ ಸೀಮೆಯ ಭೂಮಾಲಿಕರು ಕಾಣದವರಲ್ಲ. ರಜಾದಿನಗಳಲ್ಲಿ ದಾವಣಗೆರೆ, ಹರಿಹರಗಳ ಜನರು ಬುತ್ತಿ ಕಟ್ಟಿಕೊಂಡು ಹೋಗಿ ಅಲ್ಲಿನ ನೆರಳಿನಲ್ಲಿ ಹೊತ್ತು ಕಳೆದು ಬರುವರು. ಹೀಗಿರುವಲ್ಲಿ, ಭದ್ರಾ ನಾಲೆಯ ನೀರು ಏರದ ಕಲ್ಲುಭೂಮಿಯುಳ್ಳವರಿಗೆ, ಅದನ್ನು ಬಡಾವಣೆಗೋ ಕಲ್ಲುಗಣಿಗೋ ಮಾರುವುದಕ್ಕೆ ಬದಲಾಗಿ ಕಾಡು ಬೆಳೆಸಿ, ಪಕ್ಕದಲ್ಲಿ ಚಿಕ್ಕದೊಂದು ತಂಗುಮನೆಯನ್ನು ನಡೆಸಬಾರದೇಕೆ ಎಂಬ ಆಲೋಚನೆಯು ಬರುವುದು ಸಹಜ. ನಡೆಸಬಹುದು, ಆದರೆ ಯಾವುದು ಮೊದಲು ಎಂಬುದರಲ್ಲಿ ತಪ್ಪಿದರೆ ಹಣವೂ ಭೂಮಿಯೂ ಕೆಡುವುವು.

ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ನಿದರ್ಶನವುಂಟು. ದಕ್ಷಿಣ ಕೊಡಗಿನ ತೆರಾಲು ಗ್ರಾಮದಲ್ಲಿ, ಬ್ರಹ್ಮಗಿರಿಯ ಮಗ್ಗುಲಿಗೆ, ಅನಿಲ್ ಮಲ್ಹೋತ್ರಾ ಮತ್ತು ಪಮೇಲಾ ಮಲ್ಹೋತ್ರಾ ಎಂಬ ದಂಪತಿಗಳು 1991ರಲ್ಲಿ 55 ಎಕರೆ ಭೂಮಿಯನ್ನು ಕ್ರಯಕ್ಕೆ ಪಡೆದರು. ಬೆಳೆ ಕೈಗೆ ಹತ್ತದೆಂದು ಹಿಂದಿನ ಒಡೆಯರು ಕೈಬಿಟ್ಟ ಭೂಮಿಯದು. ನೆರೆಯವರ ಪಾಳುಜಮೀನುಗಳನ್ನೂ ಕ್ರಮೇಣ ಕೊಂಡು ಅವರು ಸುಮಾರು 300 ಎಕರೆಗಳ 'ಸಾಯಿ ಅಭಯಾರಣ್ಯ'ವನ್ನು ಮಾಡಿದರು. ಅವರ ಕ್ರಮವು ಬಹು ಸರಳವಾದುದು: ಮರ ಕಡಿಯುವುದನ್ನೂ ಬೇಟೆಯನ್ನೂ ತಡೆದು ನೆಲವನ್ನು ಅದರ ಪಾಡಿಗೆ ಬಿಟ್ಟರು. ಕಾಡು ತಾನೇ ಎದ್ದಿತು. ಆನೆ, ಹುಲಿ, ನೀರುನಾಯಿಗಳು ಅಲ್ಲಿ ಸಂಚರಿಸತೊಡಗಿದುವು. ಪಮೇಲಾ ಅವರಿಗೆ 2017ರಲ್ಲಿ ರಾಷ್ಟ್ರಪತಿಗಳಿಂದ ನಾರೀಶಕ್ತಿ ಪುರಸ್ಕಾರವು ದೊರೆಯಿತು. ಅನಿಲ್ ಅವರು 2021ರಲ್ಲಿ ನಿಧನರಾದರು. ಅತಿಥಿಗಳಿಗಾಗಿ ಅಲ್ಲಿ ಕಟ್ಟಿದ್ದು ಒಂದೆರಡು ಕುಟೀರಗಳನ್ನು ಮಾತ್ರ. ಮುನ್ನೂರು ಎಕರೆಗೆ ಒಂದೆರಡು ಕುಟೀರಗಳೆಂಬ ಈ ಪ್ರಮಾಣವನ್ನು ವಾಚಕರು ಚೆನ್ನಾಗಿ ಗಮನಿಸಬೇಕು.

ಕೊಡಗಿನ ಮಳೆ ನಮ್ಮದಲ್ಲ. ಇಲ್ಲಿ ವರ್ಷಕ್ಕೆ 600ರಿಂದ 700 ಮಿಲಿಮೀಟರು ಬಿದ್ದರೆ ಸುಭಿಕ್ಷ. ಆನೆ ಹುಲಿಗಳನ್ನು ತೋರಿಸುವೆವೆಂದು ಯಾರೂ ಹಲಗೆ ಹಾಕಲಾರರು. ಆದರೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಒಣಕಾಡನ್ನು ಕೊಂಡುಕುರಿಗಾಗಿಯೇ 2011ರಲ್ಲಿ ಸರ್ಕಾರವು ವನ್ಯಧಾಮವೆಂದು ಘೋಷಿಸಿತೆಂಬುದನ್ನು ನೆನೆದರೆ, ನಮ್ಮ ಕುರುಚಲು ಕಾಡೂ ಬರಿದಲ್ಲವೆಂದು ತಿಳಿಯುವುದು. ಬಳ್ಳಾರಿ ಜಾಲಿಯನ್ನು ಬೇರುಸಹಿತ ಕೀಳಿಸಿ, ಬದುಗಳನ್ನು ಹಾಕಿ, ಬೇಸಗೆಯ ಬೆಂಕಿಯನ್ನು ತಡೆದರೆ ಕಮರ, ದಿಂಡಿಗ, ಕಕ್ಕೆಗಳು ಹಳೆಯ ಬೇರುಗಳಿಂದಲೇ ಚಿಗುರುವುವು. ಇದಕ್ಕೆ ಹಲವು ವರ್ಷಗಳು ಬೇಕು. ತಂಗುಮನೆಯ ಮಾತು ಅನಂತರದ್ದು. ಸಾಲ ತೆಗೆದು ಮೊದಲು ಕಟ್ಟಡವನ್ನೆಬ್ಬಿಸಿದವನು ಸಾಲದ ಕಂತಿಗಾಗಿ ಕೊಠಡಿಗಳನ್ನು ಹೆಚ್ಚಿಸುವನು, ಕೊಠಡಿಗಳಿಗಾಗಿ ಕೊಳವೆಬಾವಿ ಕೊರೆಯಿಸುವನು. ಕಡೆಗೆ ನೆರೆಯವರ ಬಾವಿಯೂ ಬತ್ತುವುದು.

ಇನ್ನು ಗ್ರಾಮದ ಮುಖಂಡರಿಗೆ ಸಂಬಂಧಿಸಿದ ಮಾತು. ಗುಡ್ಡಕ್ಕೆ ಬೇಲಿ ಬಿದ್ದ ದಿನ ಮೊದಲು ನೋಯುವವರು ಕುರಿ ಕಾಯುವವರೂ ಸೌದೆಗೆ ಹೋಗುವ ಹೆಂಗಸರೂ. ಕಾಗದದಲ್ಲಿ ಭೂಮಿಯು ಒಬ್ಬನದಾಗಿದ್ದರೂ ದಾರಿಯು ಬಳಕೆಯಿಂದ ಎಲ್ಲರದಾಗಿರುವುದು. ಆದುದರಿಂದ ಕುರಿದಾರಿಯನ್ನೂ ನೀರಿಗಿಳಿಯುವ ಜಾಗವನ್ನೂ ಬೇಲಿಗೆ ಮುಂಚೆಯೇ ಪಂಚಾಯಿತಿಯಲ್ಲಿ ಗೊತ್ತುಮಾಡಿ ಬರೆದಿಡತಕ್ಕದ್ದು. ಊರಿನ ಜನರೊಡಗೂಡಿ ನಡೆಯುವುದು ಹೇಗೆಂಬುದನ್ನು ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ನೋಡಬಹುದು. ಅಲ್ಲಿ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡು ಕಟ್ಟುವುದು ಊರಿನವರ ಸ್ವಂತ ಹುಣಿಸೆಮರಗಳಲ್ಲಿ. ಹುಣಿಸೆಯ ಫಸಲು ಕಡಮೆಯಾದರೂ, ಹಿಕ್ಕೆಯು ಗೊಬ್ಬರವಾಗಿ ಹೊಲಕ್ಕೆ ಒದಗುವುದು. ನಷ್ಟಕ್ಕೆ ಅರಣ್ಯ ಇಲಾಖೆಯು ಪರಿಹಾರ ಕೊಟ್ಟಿರುವುದೂ ಉಂಟು. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಲಾಯಿತು.

1972ರ ವನ್ಯಜೀವಿ ಸಂರಕ್ಷಣಾ ಶಾಸನಕ್ಕೆ 2003ರಲ್ಲಾದ ತಿದ್ದುಪಡಿಯಂತೆ ಖಾಸಗಿ ಭೂಮಿಯನ್ನೂ, ಒಡೆಯನು ಸ್ವಇಚ್ಛೆಯಿಂದ ಮುಂದೆ ಬಂದಲ್ಲಿ, ಹೀಗೆ ಸಾರಬಹುದು. ಸಾರಿದ ಮೇಲೆ ಸರ್ಕಾರದ ಒಪ್ಪಿಗೆಯಿಲ್ಲದೆ ಭೂಮಿಯ ಬಳಕೆಯನ್ನು ಬದಲಾಯಿಸುವಂತಿಲ್ಲ. ಮಕ್ಕಳ ಪಾಲುಪಾರಿಕತ್ತಿನ ವಿಚಾರವನ್ನು ಮನೆಯಲ್ಲಿ ಮೊದಲೇ ಆಡಿಕೊಳ್ಳುವುದು ಲೇಸು. ತಂಗುಮನೆಯ ಅಡಿಯ ನೆಲಕ್ಕಾದರೋ, ಅದು ಸಾಗುವಳಿ ಜಮೀನಾಗಿದ್ದರೆ, 1964ರ ಭೂಕಂದಾಯ ಶಾಸನದ 95ನೆಯ ಪ್ರಕರಣದ ಮೇರೆಗೆ ಡೆಪ್ಯುಟಿ ಕಮಿಷನರವರಿಂದ ಪರಿವರ್ತನೆಯ ಅಪ್ಪಣೆಯನ್ನು ಪಡೆದ ಹೊರತು ಅಡಿಗಲ್ಲನ್ನಿಡಕೂಡದು.