ಗಾಡಿ ನಿಲ್ಲಿಸುವ ಜಾಗ ಯಾರದು?

ನಿಂಬರ್ಗಾದಂಥ ನಮ್ಮ ಆಳಂದ ಸೀಮೆಯ ಊರುಗಳಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲದ ಹಿಸ್ಸೆ ಮಾಡುತ್ತಾರೆ, ಮನೆಯ ಅಂಕಣಗಳನ್ನು ಹಂಚಿಕೊಳ್ಳುತ್ತಾರೆ. ಆದರೆ ಬಾವಿಯನ್ನೂ ಬಂಡಿಯ ಹಾದಿಯನ್ನೂ ಹಾಗೆಯೇ ಬಿಡುತ್ತಾರೆ. ಬಾವಿಯ ನೀರಿಗೆ ಪಾಳಿ ಗೊತ್ತುಮಾಡುತ್ತಾರೆ. ಒಬ್ಬನ ತೊಗರಿ ರಾಶಿಯಾಗುವವರೆಗೆ ಇನ್ನೊಬ್ಬನು ಕಣಕ್ಕಾಗಿ ಕಾಯುತ್ತಾನೆ. ಜಗಳಗಳಿಲ್ಲವೆಂದು ನಾನು ಹೇಳಲಾರೆ. ಆದರೆ ಆ ಜಗಳ ಪಾಳಿಯನ್ನು ಕುರಿತದ್ದೇ ಹೊರತು ಬಾವಿ ಯಾರದೆಂಬುದನ್ನು ಕುರಿತದ್ದಲ್ಲ.

ಇದು ನೆನಪಾದದ್ದು ಕಲಬುರಗಿಯ ಒಂದು ವಸತಿ ಸಮುಚ್ಚಯದಲ್ಲಿ. ಅಲ್ಲಿ ವಾಸಿಸುವ, ನಿಂಬರ್ಗಾ ಕಡೆಯ ನಿವೃತ್ತ ಮಾಸ್ತರರೊಬ್ಬರು ಫ್ಲಾಟು ಕೊಂಡಾಗ ಅವರಲ್ಲಿ ಕಾರು ಇರಲಿಲ್ಲ. ನಿಲುಗಡೆಯ ಜಾಗಕ್ಕೆ ಪ್ರತ್ಯೇಕ ಹಣ ಕೊಡುವ ಅನುಕೂಲವೂ ಇರಲಿಲ್ಲ. ಈಗ ಹೆಂಡತಿಯನ್ನು ವಾರಕ್ಕೆರಡು ಬಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಮಗನ ಕಾರು ಬೀದಿಯಲ್ಲಿ ನಿಲ್ಲುತ್ತದೆ. ಆಕೆ ಅಲ್ಲಿಯವರೆಗೆ ನಡೆಯಬೇಕು. ಲಿಫ್ಟಿನ ಬಳಿಯ ಜಾಗವೋ ತಿಂಗಳುಗಟ್ಟಲೆ ಖಾಲಿ. ಸಂಘದ ಸಭೆಯಲ್ಲಿ ಅದರ ಮಾತೆತ್ತಿದಾಗ ಆ ಜಾಗದವರು, “ದುಡ್ಡು ಕೊಟ್ಟೀನ್ರಿ, ರಸೀತಿ ಅದ” ಎಂದರಂತೆ. ಸುಳ್ಳಲ್ಲ, ರಸೀತಿ ನಿಜವಾಗಿಯೂ ಇದೆ.

ಆ ರಸೀತಿಯ ಬೆಲೆಯೇನು ಎಂಬುದೇ ಪ್ರಶ್ನೆ. 2010ರ ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯವು ಮುಂಬಯಿಯ ಪಂಚಾಲಿ ಗೃಹನಿರ್ಮಾಣ ಸಂಘದ ಮೊಕದ್ದಮೆಯಲ್ಲಿ ತೀರ್ಪಿತ್ತು, ಕಂಬಗಳ ಮೇಲೆ ನಿಂತ ಕಟ್ಟಡದ ಅಡಿಯಲ್ಲಿ ಗಾಡಿ ನಿಲ್ಲಿಸುವ ಸ್ಥಳವು ಗ್ಯಾರೇಜೂ ಅಲ್ಲ, ಫ್ಲಾಟೂ ಅಲ್ಲ; ಅದು ಎಲ್ಲರ ಸಾಮಾನ್ಯ ಸ್ಥಳ, ಅದನ್ನು ಬೇರೆಯಾಗಿ ಮಾರುವ ಹಕ್ಕು ಕಟ್ಟಿದವನಿಗಿಲ್ಲ ಎಂದಿತು. ಅಲ್ಲಿ ವಿಚಾರಕ್ಕೆ ಬಂದದ್ದು ಮಹಾರಾಷ್ಟ್ರದ 1963ರ ಕಾಯ್ದೆ. ಆದರೆ ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯೂ ನೆಲಮಾಳಿಗೆ, ಅಂಗಳ, ತೋಟಗಳ ಸಾಲಿನಲ್ಲಿಯೇ ವಾಹನ ನಿಲುಗಡೆಯ ಸ್ಥಳವನ್ನು ಸಾಮಾನ್ಯ ಪ್ರದೇಶವೆಂದು ಎಣಿಸಿದೆ. 2016ರ ಸ್ಥಿರಾಸ್ತಿ ಕಾಯ್ದೆ, ಜನ ರೇರಾ ಎನ್ನುವುದು, ಗೆರೆಯನ್ನು ಇನ್ನಷ್ಟು ಸ್ಪಷ್ಟಪಡಿಸಿತು: ಮೇಲೆ ಸೂರು, ಮೂರು ಕಡೆ ಗೋಡೆ ಇದ್ದರೆ ಗ್ಯಾರೇಜು, ತೆರೆದ ನಿಲುಗಡೆಯ ಜಾಗ ಎಲ್ಲರದು. ಇದರ ನಿಯಮಗಳು ಕರ್ನಾಟಕದಲ್ಲಿ ಬಂದದ್ದು 2017ರ ಜುಲೈನಲ್ಲಿ. ಅದಕ್ಕೂ ಮೊದಲೇ ಮುಗಿದ ಕಟ್ಟಡಗಳು 1972ರ ಕಾಯ್ದೆಯನ್ನೇ ಮುಖ್ಯವಾಗಿ ನೋಡಬೇಕಾಗುತ್ತದೆ.

ಹಾಗಾದರೆ ರಸೀತಿಯನ್ನು ಹರಿದೊಗೆಯಬೇಕೆ? ಅಷ್ಟು ಸರಳವಲ್ಲ. ಇದೇ ಕಾಯ್ದೆಯಲ್ಲಿ ‘ಸೀಮಿತ ಸಾಮಾನ್ಯ ಪ್ರದೇಶ’ವೆಂಬ ಇನ್ನೊಂದು ಬಗೆಯಿದೆ. ಒಡೆತನ ಎಲ್ಲರದೇ; ಉಪಯೋಗ ಮಾತ್ರ ಕೆಲವು ಫ್ಲಾಟುಗಳಿಗೆ ಮೀಸಲು. ಆದರೆ ಆ ಮೀಸಲನ್ನು ನೋಂದಾಯಿತ ಘೋಷಣಾ ಪತ್ರದಲ್ಲಿ ಬರೆದಿರಬೇಕು. ಆದ್ದರಿಂದ ಸಂಘದವರು ಮೊದಲು ಮಾಡಬೇಕಾದ ಕೆಲಸ ವಾಗ್ವಾದವಲ್ಲ. ಘೋಷಣಾ ಪತ್ರವನ್ನೂ ಮಂಜೂರಾದ ನಕಾಶೆಯನ್ನೂ ಮೇಜಿನ ಮೇಲೆ ಬಿಡಿಸಿಟ್ಟು, ನಕಾಶೆಯಲ್ಲಿ ಎಷ್ಟು ಜಾಗಗಳಿವೆ, ನೆಲದ ಮೇಲೆ ಎಷ್ಟು ಬಿಳಿ ಗೆರೆಗಳಿವೆ ಎಂದು ಎಣಿಸುವುದು. ಈ ಎರಡು ಲೆಕ್ಕಗಳು ಕೂಡದೆ ಹೋದರೆ ಆಶ್ಚರ್ಯಪಡಬೇಕಾಗಿಲ್ಲ.

ನಂತರ ಬರುವುದು ಉಪವಿಧಿಗಳ ತಿದ್ದುಪಡಿ. ನೋಟಿಸು ಹಲಗೆಗೆ ಕಾಗದ ಅಂಟಿಸಿದ ಮಾತ್ರಕ್ಕೆ ಉಪವಿಧಿ ಬದಲಾಗುವುದಿಲ್ಲ. ಸರ್ವಸದಸ್ಯರ ಸಭೆಯಲ್ಲಿ ಬೇಕಾದ ಬಹುಮತದಿಂದ ಒಪ್ಪಿಗೆಯಾಗಬೇಕು, ಘೋಷಣಾ ಪತ್ರದ ತಿದ್ದುಪಡಿಯಾಗಿ ದಾಖಲಾಗಬೇಕು, ಸಕ್ಷಮ ಪ್ರಾಧಿಕಾರಕ್ಕೆ ಪ್ರತಿ ಸಲ್ಲಬೇಕು. ಇದನ್ನು ಮಾಡದೆ ಚಕ್ರಕ್ಕೆ ಸರಪಳಿ ಬಿಗಿಯುವ ಕಾರ್ಯದರ್ಶಿಗಳನ್ನು ನಾನು ಕಂಡಿದ್ದೇನೆ; ಅವರ ಉತ್ಸಾಹ ಅವರ ಅಧಿಕಾರಕ್ಕಿಂತ ದೊಡ್ಡದು.

ಜಾಗ ಎಲ್ಲರದೆಂದು ಕಾನೂನು ಹೇಳುತ್ತದೆ. ಹಂಚುವ ಬಗೆಯನ್ನು ಬಹುಮಟ್ಟಿಗೆ ನಮಗೇ ಬಿಟ್ಟಿದೆ. ಫ್ಲಾಟಿಗೊಂದು ಜಾಗ, ಎರಡನೆಯ ಕಾರಿಗೆ ವರ್ಷದ ಪಾಳಿ. ಜಾಗ ಸಾಲದಿದ್ದರೆ ಮೊದಲನೆಯದಕ್ಕೂ ಚೀಟಿ. ಬಾಡಿಗೆದಾರನಿಗೆ ಆ ಫ್ಲಾಟಿನ ಜಾಗವೇ ಸಲ್ಲಬೇಕು. ಹೊರಗಿನವರಿಗೆ ಬಾಡಿಗೆಗೆ ಕೊಡಕೂಡದು. ಅಗ್ನಿಶಾಮಕ ವಾಹನದ ಹಾದಿಯಲ್ಲಿ ಅತಿಥಿಯ ಸ್ಕೂಟರೂ ನಿಲ್ಲಕೂಡದು. ವಿದ್ಯುತ್ ಕಾರುಗಳು ಬಂದಿರುವುದರಿಂದ ಚಾರ್ಜಿಂಗ್ ತಂತಿ ಯಾರ ಮೀಟರಿನಿಂದ ಬರಬೇಕೆಂಬುದನ್ನೂ ಈಗಲೇ ಬರೆದಿಡುವುದು ಲೇಸು. ಲಿಫ್ಟಿನ ಹತ್ತಿರದ ಒಂದೆರಡು ಜಾಗಗಳನ್ನು ನಡೆಯಲಾರದವರಿಗೆ ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ. ಹಣ ಕೊಟ್ಟವರಿಗೂ ಅನ್ಯಾಯವಾಗಿದೆ ನಿಜ. ಆದರೆ ಅವರು ಅದನ್ನು ಕೇಳಬೇಕಾದುದು ಹಣ ಪಡೆದವನನ್ನು, ಮಾಸ್ತರರನ್ನಲ್ಲ.

ಮಾಸ್ತರರು ಘೋಷಣಾ ಪತ್ರದ ದೃಢೀಕೃತ ಪ್ರತಿ ತರಿಸಿದರು. ಅದರಲ್ಲಿ ಯಾರ ಹೆಸರಿಗೂ ಯಾವ ಜಾಗವೂ ಮೀಸಲಿರಲಿಲ್ಲ. ಸಭೆ ಮತ್ತೆ ಸೇರಲಿದೆ. ಅಲ್ಲಿಯವರೆಗೆ ರಸೀತಿಯವರೇ, ಆಸ್ಪತ್ರೆಗೆ ಹೋಗುವ ಎರಡು ದಿನ ಕಾರನ್ನು ತಮ್ಮ ಜಾಗದಲ್ಲಿ ನಿಲ್ಲಿಸಿಕೊಳ್ಳಿರೆಂದು ಹೇಳಿಕಳುಹಿಸಿದ್ದಾರೆ.