ಕೆರೆಯ ಕೋಡಿ

ಎಂದಿಗೂ ಕೆಡದೆಂದು ನಂಬಿ ಕಟ್ಟುವುದು ಒಂದು ಬಗೆ. ಎಂದಾದರೂ ಕೆಟ್ಟೀತು, ಕೆಟ್ಟಾಗ ಅಪಾಯವಾಗದಿರಲಿ ಎಂದು ಯೋಚಿಸಿ ಕಟ್ಟುವುದು ಇನ್ನೊಂದು ಬಗೆ. ಹಿಂದಿನ ರೈಲುಗಾಡಿಗಳ ನಿರ್ವಾತ ಬ್ರೇಕು ಎರಡನೆಯ ಬಗೆಯದು: ಕೊಳವೆಯೊಡೆದು ಗಾಳಿ ಒಳಹೊಕ್ಕರೆ ಬ್ರೇಕು ತಾನಾಗಿ ಬಿಗಿದು ಗಾಡಿ ನಿಲ್ಲುತ್ತಿದ್ದಿತು. ಆದರೆ ಈ ತತ್ತ್ವವನ್ನರಿಯಲು ನಾವು ರೈಲು ಹತ್ತಬೇಕಾಗಿಲ್ಲ; ಶಿಡ್ಲಘಟ್ಟದ ಸೀಮೆಯಲ್ಲಿ, ಸಾದಲಿಯ ಕಡೆ, ಯಾವುದಾದರೊಂದು ಕೆರೆಯ ಏರಿಯ ಮೇಲೆ ನಿಂತರೆ ಸಾಕು.

ಏರಿ ಮಣ್ಣಿನದು. ನೀರು ಅದರ ನೆತ್ತಿಯನ್ನು ದಾಟಿತೆಂದರೆ ಹೊರಮೈಯ ಮಣ್ಣು ಕೊಚ್ಚುವುದು. ಕೊರಕಲು ಆಳವಾದಷ್ಟೂ ನೀರು ಹೆಚ್ಚು ನುಗ್ಗುವುದು. ನೀರು ನುಗ್ಗಿದಷ್ಟೂ ಕೊರಕಲು ಆಳವಾಗುವುದು. ತೂಬನ್ನೆತ್ತೋಣವೆಂದರೆ ನಡುರಾತ್ರಿಯ ಮಳೆಯಲ್ಲಿ ನೀರಗಂಟಿ ಅಲ್ಲಿಗೆ ತಲಪಬೇಕು. ತೂಬಿನ ಬಾಯಿಯೂ ಕಿರಿದು. ಆದಕಾರಣ ನಮ್ಮ ಹಿರಿಯರು ಏರಿಗಿಂತ ತಗ್ಗಾಗಿ, ಗಟ್ಟಿ ನೆಲವನ್ನಾರಿಸಿ, ಕಲ್ಲಿನ ಕೋಡಿಯನ್ನು ಕಟ್ಟಿದರು. ಅದನ್ನು ತೆರೆಯಲು ಯಾರೂ ಬೇಕಿಲ್ಲ. ಅದರ ಮೇಲೆ ಹರಿಯುವ ನೀರಿನ ಆಳ ಎರಡರಷ್ಟಾದರೆ ಹೊರಹೋಗುವ ನೀರು ಹೆಚ್ಚುಕಡಮೆ ಮೂರರಷ್ಟಾಗುವುದು.

ಬೇಸಗೆಗೆ ಇನ್ನಷ್ಟು ನೀರು ನಿಲ್ಲಲೆಂದು ಕೋಡಿಯ ಮೇಲೆ ಕಲ್ಲು ಮಣ್ಣು ಪೇರಿಸುವುದುಂಟು. ಬರವನ್ನುಂಡ ರೈತನ ಈ ಆಸೆಯನ್ನು ನಾವು ಹಳಿಯಲಾರೆವು. ಆದರೆ ಲೆಕ್ಕವನ್ನು ನೋಡಬೇಕು. ಏರಿಯು ಕೋಡಿಗಿಂತ 4 ಅಡಿ ಎತ್ತರವಿರುವಲ್ಲಿ 2 ಅಡಿ ಪೇರಿಸಿದರೆ, ಏರಿ ಮುಳುಗುವ ಮುನ್ನ ಕೋಡಿಯು ಸಾಗಿಸಬಲ್ಲ ನೀರು ಮೊದಲಿನ ಮೂರನೆಯ ಒಂದು ಪಾಲಿಗೆ ಇಳಿದುಬಿಡುವುದು.

ಕೇಡು ಒಂದೇ ಊರಿನಲ್ಲಿ ನಿಲ್ಲುವುದೂ ಇಲ್ಲ. ಈ ನಾಡಿನ ಕೆರೆಗಳು ಸರಪಣಿಯಂತಿವೆ. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಇಳಿಯುವುದು. ಸಾದಲಿಯ ಸೀಮೆಯೂ ಆಗ ಸೇರಿದ್ದ ಕೋಲಾರ ಜಿಲ್ಲೆಯಲ್ಲಿ, 1903ರ ನವೆಂಬರಿನ ಮಳೆಗೆ, ಬೇತಮಂಗಲದ ದೊಡ್ಡ ಕೆರೆಯೂ ಸೇರಿದಂತೆ ಪಾಲಾರಿನ ಕೆರೆಗಳು ಒಡೆದವು. ಆ ಪ್ರವಾಹವು ತಮಿಳು ಸೀಮೆಯ ವಾಣಿಯಂಬಾಡಿಗೆ ನುಗ್ಗಿ ಸುಮಾರು 200 ಮಂದಿ ಮಡಿದರು. ಮೇಲೆ ಏರಿ ಒಡೆದಾಗ ಕೆಳಗೆ ಮಲಗಿದ್ದವರಿಗೆ ಆ ಕೆರೆಗಳ ಹೆಸರೂ ತಿಳಿದಿರಲಾರದು.

2021ರ ನವೆಂಬರಿನಲ್ಲಿ ಬಹುಕಾಲ ಒಣಗಿದ್ದ ಎಷ್ಟೋ ಕೆರೆಗಳು ಕೋಡಿ ಹರಿದವು. ಜನರು ಬಾಗಿನವರ್ಪಿಸಿ ಸಂತೋಷಪಟ್ಟರು. ಆದರೆ ಒಣ ವರ್ಷಗಳಲ್ಲಿ ಕೋಡಿಯ ಕಾಲುವೆ ಬರಿಯ ಬಯಲಾಗಿ ಕಾಣುವುದು. ಅಲ್ಲಿ ಹೊಲವನ್ನೋ ಮನೆಯನ್ನೋ ಮಾಡುವ ಮನಸ್ಸು ನಮಗೆ ಹುಟ್ಟುವುದು. ಕೋಡಿಯು ಹತ್ತು ವರ್ಷ ಸುಮ್ಮನಿದ್ದು ಒಂದು ರಾತ್ರಿ ದುಡಿಯತಕ್ಕದ್ದು. ಆ ರಾತ್ರಿಗಾಗಿ ಅದರ ದಾರಿಯನ್ನು ತೆರವಾಗಿಟ್ಟಿರುವುದು ನಮ್ಮ ಪಾಲಿನ ಕೆಲಸ.