ರೈಲೊಂದು ನೆಪ

ಪುಟ್ಟ ರೈಲು ಅಂಗಡಿಯಲ್ಲಿ ಸಿಗುತ್ತದೆ, ಹಳಿಯೂ ಸಿಗುತ್ತದೆ. ಮನೆ, ನಿಲ್ದಾಣ, ಸುರಂಗದ ಬಾಯಿಗಳನ್ನೂ ಡಬ್ಬಿಯಲ್ಲಿ ತಂದು ಅಂಟಿಸಬಹುದು. ಆದರೆ ಹಾಗೆ ಕಟ್ಟಿದ ಊರು ಭೂಮಿಯ ಮೇಲಿನ ಯಾವ ಊರೂ ಆಗಿರುವುದಿಲ್ಲ. ಮಾದರಿ ರೈಲಿನ ಸುತ್ತ ನಿಜವಾದ ಸೀಮೆಯನ್ನೇ ಕಟ್ಟುತ್ತೇವೆಂದು ಹಟ ಹಿಡಿದವರ ಕೆಲಸ ನೋಡಬೇಕಾದರೆ ಇಂಗ್ಲೆಂಡಿನ ಲಾಂಗ್ ವಿಟನ್‌ಹ್ಯಾಮ್ ಹಳ್ಳಿಗೆ ಹೋಗಬೇಕು. ಡಿಡ್‌ಕಾಟ್ ರೈಲು ನಿಲ್ದಾಣಕ್ಕೆ ಹತ್ತಿರದ ಈ ಹಳ್ಳಿಯಲ್ಲಿ ಪೆಂಡನ್ ವಸ್ತುಸಂಗ್ರಹಾಲಯವಿದೆ.

ಇದನ್ನು ಸ್ಥಾಪಿಸಿದ ರಾಯ್ ಇಂಗ್ಲೆಂಡ್ ಎಂಬವರು ಆಸ್ಟ್ರೇಲಿಯಾದವರು. 1925ರಲ್ಲಿ ಹರೆಯದ ಹುಡುಗನಾಗಿ ಹಡಗೇರಿ ಬಂದ ಅವರ ತಲೆಯಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ಹುಚ್ಚು ತುಂಬಿತ್ತು. ರೈಲು ಹುಡುಕಿಕೊಂಡು ಬಂದವರ ಕಣ್ಣು ವೇಲ್ ಆಫ್ ವೈಟ್ ಹಾರ್ಸ್ ಕಣಿವೆಯ ಮನೆಗಳ ಮೇಲೆ ಬಿತ್ತು. ಸುಣ್ಣದ ಗುಡ್ಡದ ಮೇಲೆ ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಬಿಡಿಸಿದ ಬಿಳಿ ಕುದುರೆಯಿಂದ ಹೆಸರು ಪಡೆದ ಕಣಿವೆ ಅದು. ಅಲ್ಲಿನ ಹುಲ್ಲಿನ ಚಾವಣಿಗಳು ಒಂದೊಂದಾಗಿ ಇಳಿಯುತ್ತಿದ್ದವು, ಅವುಗಳ ಜಾಗಕ್ಕೆ ಅಗ್ಗದ ಕಾರ್ಖಾನೆ ಮಾಲು ಏರುತ್ತಿತ್ತು. ಆ ಮನೆಯವರಿಗೆ ಹುಲ್ಲು ಕಿತ್ತೆಸೆಯಲು ಕಾರಣ ಇದ್ದೇ ಇದ್ದೀತು. ಸೋರುವ ಮಾಡಿನ ಕೆಳಗೆ ಮಲಗುವವರು ಅವರು. ರಾಯ್ ಮಾತ್ರ ಅಳತೆ, ಚಿತ್ರ, ಬಣ್ಣದ ಟಿಪ್ಪಣಿ ಹಿಡಿದು ಆ ಮನೆಗಳನ್ನು ಮಾದರಿಯಲ್ಲಿ ಉಳಿಸಲು ಕೂತರು. ವಸ್ತುಸಂಗ್ರಹಾಲಯ ಶುರುವಾದದ್ದು 1954ರಲ್ಲಿ. ರಾಯ್ 1995ರಲ್ಲಿ ತೀರಿಕೊಂಡರೂ ಸ್ವಯಂಸೇವಕರ ಕೈಯಲ್ಲಿ ಕೆಲಸ ಮುಂದುವರಿಯಿತು.

ಇಲ್ಲಿ ಒಂದು ಅಡಿಗೆ ನಾಲ್ಕು ಮಿಲಿಮೀಟರಿನ ಲೆಕ್ಕ. ಆರಡಿ ಆಳು ಎರಡೂವರೆ ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಗಾರೆಯೂ ಸೇರಿ ಮೂರಂಗುಲ ಎತ್ತರದ ಇಟ್ಟಿಗೆ ವರಸೆ ಬರಿಯ ಒಂದು ಮಿಲಿಮೀಟರ್. ಇಟ್ಟಿಗೆ ಗೋಡೆಯ ಅಚ್ಚಾದ ಹಾಳೆ ತಂದು ಅಂಟಿಸಿದರೆ ಸಂಜೆಯೊಳಗೆ ಮನೆ ಮುಗಿಯುತ್ತದೆ. ಪೆಂಡನ್‌ನವರು ಆ ದಾರಿ ಹಿಡಿಯಲಿಲ್ಲ. ದಪ್ಪ ಕಾಗದದ ಮೇಲೆ ಒಂದೊಂದು ಕಲ್ಲಿನ ಸಂದನ್ನೂ ಗೀರಿ, ಒಂದೊಂದು ಇಟ್ಟಿಗೆಗೂ ಜಲವರ್ಣದಲ್ಲಿ ಬೇರೆ ಬೇರೆ ಛಾಯೆ ಕೊಟ್ಟರು. ಹುಲ್ಲಿನ ಚಾವಣಿಗೆ ಹೊದಿಸಿದ್ದು ಪೈಪು ಜೋಡಿಸುವವರು ಸುತ್ತುವ ಸೆಣಬಿನ ನಾರು. ಒಂದು ಮನೆಗೆ ತಿಂಗಳುಗಟ್ಟಲೆ ಸಮಯ ಹಿಡಿಯುವುದು ಇಲ್ಲಿ ಸಾಮಾನ್ಯ. ಹಾಗಾಗಿಯೇ ಈ ಮನೆಗಳನ್ನು ಕೂರಿಸಿದ ಕಣಿವೆಯ ಮಾದರಿ ದೃಶ್ಯ ದಶಕಗಳಿಂದ ಬೆಳೆಯುತ್ತಲೇ ಇದೆ.

ಕಲ್ಲಿನ ಕೆಲಸದಲ್ಲಿ ಕೈಗಿಂತ ಕಣ್ಣಿಗೆ ಹೆಚ್ಚು ಕೆಲಸ. ಗೋಡೆಯ ಮೂಲೆಗಲ್ಲುಗಳು ದೊಡ್ಡವು. ಒಂದು ವರಸೆಯಲ್ಲಿ ಉದ್ದನೆಯ ಮೈ ಈ ಕಡೆಗೆ ಬಂದರೆ ಮೇಲಿನದರಲ್ಲಿ ಆ ಕಡೆಗೆ. ಸಂದಿನ ಮೇಲೆ ಸಂದು ಬರಬಾರದು. ನಮ್ಮ ಯಾವ ಗಾರೆ ಕೆಲಸದವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ಆದರೂ ಮಾದರಿ ಮಾಡುವವರು ಮೊದಲು ಎಡವುವುದೇ ಇಲ್ಲಿ. ಇನ್ನೊಂದು ತಪ್ಪು ಬೆಳ್ಳನೆಯ ಗಾರೆ. ನಿಜವಾದ ಗೋಡೆಯಲ್ಲಿ ಹತ್ತು ಮಿಲಿಮೀಟರ್ ಇರುವ ಸಂದು ಈ ಅಳತೆಯಲ್ಲಿ ತಲೆಗೂದಲಿನಷ್ಟಾಗುತ್ತದೆ. ಅದನ್ನು ಎದ್ದು ಕಾಣುವಂತೆ ಬಳಿದರೆ ಗೋಡೆ ಚೌಕುಳಿ ಬಟ್ಟೆಯಾಗುತ್ತದೆ. ಬಣ್ಣವನ್ನೂ ತುಸು ಮಂಕು ಮಾಡಬೇಕು, ಅಪ್ಪಟ ಕಪ್ಪನ್ನಂತೂ ಮುಟ್ಟಬಾರದು. ಬುಡದಲ್ಲಿ ತೇವದ ಕಲೆ, ಸುರಂಗದ ಕಮಾನಿನ ನೆತ್ತಿಗೆ ಹೊಗೆಯ ಮಸಿ, ನೆರಳಿನ ಬದಿಗೆ ಪಾಚಿ. ಕಟ್ಟಡವನ್ನು ನೆಲದ ಮೇಲೆ ಇಟ್ಟರೆ ಸಾಲದು, ನೆಲದೊಳಗೆ ಕೂರಿಸಬೇಕು. ಗೋಡೆಯ ಅಡಿಯಲ್ಲಿ ಒಂದು ಗೆರೆ ಬಿರುಕು ಕಂಡರೂ ಇಡೀ ಊರು ಸುಳ್ಳಾಗುತ್ತದೆ.

ಕಣಿವೆಯ ದೃಶ್ಯದಲ್ಲಿರುವ ಪೆಂಡನ್ ಪಾರ್ವಾ ಎಂಬ ಹಳ್ಳಿ ನಕಾಶೆಯಲ್ಲಿಲ್ಲ. ಅಲ್ಲಿನ ಮನೆಗಳು ಮಾತ್ರ ಬೇರೆ ಬೇರೆ ಊರುಗಳಲ್ಲಿದ್ದ ನಿಜವಾದ ಮನೆಗಳು. ಇದು ಮೋಸವಲ್ಲವೇ ಎಂದು ಕೇಳುವವರಿದ್ದಾರೆ. ನನಗಂತೂ ಹಾಗನ್ನಿಸುವುದಿಲ್ಲ, ಅಳತೆ ತಪ್ಪಿದ ನಿಜವಾದ ಊರಿಗಿಂತ ಅಳತೆ ತಪ್ಪದ ಕಲ್ಪನೆಯ ಊರೇ ಹೆಚ್ಚು ನಂಬಿಕಸ್ಥ ದಾಖಲೆ. ಇನ್ನೊಂದು ದೃಶ್ಯ ಡಾರ್ಟ್‌ಮೂರ್‌ನದು. ಅಲ್ಲಿ ಗ್ರಾನೈಟ್ ಬಂಡೆಗಳ ನಡುವೆ, ಎಂಜಿನಿಯರ್ ಬ್ರೂನೆಲ್ ಮಾದರಿಯ ಮರದ ಸೇತುವೆಯ ಮೇಲೆ ರೈಲು ಹಾಯುತ್ತದೆ. ಅಂಥ ಸೇತುವೆಗಳು ಹೊರಗಿನ ಲೋಕದಲ್ಲಿ ಮುಗಿದುಹೋಗಿವೆ.

ಜಾನ್ ಅಹರ್ನ್ ಅವರ ಮ್ಯಾಡರ್ ವ್ಯಾಲಿ ಎಂಬ ಮಾದರಿ ರೈಲುಮಾರ್ಗವನ್ನೂ ಇಲ್ಲೇ ತಂದಿಟ್ಟಿದ್ದಾರೆ. ಹಳಿಗಳ ಗೋಜಲೇ ಮಾದರಿ ರೈಲು ಎಂದು ಎಲ್ಲರೂ ಅಂದುಕೊಂಡಿದ್ದ 1930ರ ದಶಕದಲ್ಲಿ, ಊರು, ಬಂದರು, ಬೆಟ್ಟಗಳ ನಡುವೆ ಒಂದು ಸಣ್ಣ ರೈಲುಮಾರ್ಗ ಹಾಯಿಸಿದವರು ಅವರು. ಪುಟ್ಟ ಕಟ್ಟಡ, ಪುಟ್ಟ ನೆಲ ಕಟ್ಟುವ ಬಗೆಗೆ ಅವರು ಬರೆದ ಪುಸ್ತಕಗಳಿಂದ ಒಂದು ತಲೆಮಾರು ಕೆಲಸ ಕಲಿಯಿತು. ಅವರ ಮನೆಗಳು ಪೆಂಡನ್‌ನವರ ಮನೆಗಳಷ್ಟು ಕರಾರುವಾಕ್ಕಲ್ಲ, ಆದರೆ ಲವಲವಿಕೆ ಹೆಚ್ಚು.

ಪೆಂಡನ್ ವಾರವಿಡೀ ತೆರೆದಿರುವುದಿಲ್ಲ, ದಿನ ವಿಚಾರಿಸಿಕೊಂಡೇ ಹೊರಡಿ. ಡಿಡ್‌ಕಾಟ್ ನಿಲ್ದಾಣದ ಮಗ್ಗುಲಲ್ಲೇ ಗ್ರೇಟ್ ವೆಸ್ಟರ್ನ್‌ನ ನಿಜವಾದ ಉಗಿ ಎಂಜಿನುಗಳ ಸಂಗ್ರಹವೂ ಇದೆ. ಒಂದೇ ದಿನದಲ್ಲಿ ಎರಡನ್ನೂ ನೋಡುವುದಾದರೆ ಹೆಚ್ಚಿನ ಹೊತ್ತನ್ನು ಪೆಂಡನ್‌ಗೇ ಇಟ್ಟುಕೊಳ್ಳಿ.